ಸಿ ಪ್ರೋಗ್ರಾಮಿನೊಳಗೆ ಲುವಾ ಕೂರಿಸುವುದು: ಹಾಲಿನ ಡೇರಿಯ ಲೆಕ್ಕದಿಂದ ಕಲಿತದ್ದು

ಹಾಸನದ ಸುತ್ತಮುತ್ತಲಿನ ಹಾಲಿನ ಡೇರಿಗಳಿಗೆ ನಾನು ಒಂದು ಸಣ್ಣ ಯಂತ್ರ ಮಾಡಿಕೊಡುತ್ತೇನೆ. ಒಳಗೆ ಲಿನಕ್ಸ್ ಓಡುವ ಅಂಗೈ ಅಗಲದ ಬೋರ್ಡ್ ಇದೆ. ಒಂದು ಕಡೆ ತೂಕದ ಯಂತ್ರದ ವೈರು, ಇನ್ನೊಂದು ಕಡೆ ಫ್ಯಾಟ್ ನೋಡುವ ಅನಲೈಸರ್, ಮುಂದೆ ಚೀಟಿ ಹೊಡೆಯುವ ಪ್ರಿಂಟರ್. ಪ್ರೋಗ್ರಾಂ ಪೂರ್ತಿ ಸಿ ಭಾಷೆಯಲ್ಲಿದೆ. ರೈತರು ಹಾಲು ತಂದು ಸುರಿಯುತ್ತಾರೆ. ಲೀಟರು, ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಘನ ಪದಾರ್ಥ) ಬರುತ್ತದೆ. ದರ ಲೆಕ್ಕ ಹಾಕಿ ಚೀಟಿ ಕೊಡಬೇಕು. ಅಷ್ಟೇ ಕೆಲಸ.

ಮೊದಲ ಎರಡು ವರ್ಷ ದರದ ಲೆಕ್ಕವೂ ಸಿ ಒಳಗೇ ಇತ್ತು. ದರ ಬದಲಾದ ಸುತ್ತೋಲೆ ಬಂದ ದಿನ ನಾನು ಕೋಡ್ ತಿದ್ದಿ, ಕಂಪೈಲ್ ಮಾಡಿ, ಪೆನ್‌ಡ್ರೈವ್ ಹಿಡಿದು ಊರೂರು ತಿರುಗುತ್ತಿದ್ದೆ. ಅಂಕಿಗಳನ್ನೆಲ್ಲ ಒಂದು ಸೆಟ್ಟಿಂಗ್ ಫೈಲಿಗೆ ಹಾಕಿ ನೋಡಿದೆ. ಆರು ತಿಂಗಳೂ ತಡೆಯಲಿಲ್ಲ. ಯಾಕೆಂದರೆ ಬದಲಾಗುವುದು ಬರೀ ಅಂಕಿಯಲ್ಲ, ಲೆಕ್ಕ ಹಾಕುವ ರೀತಿಯೇ ಬದಲಾಗುತ್ತದೆ. ಒಂದು ಸಲ ಫ್ಯಾಟಿನ ಪ್ರತಿ ಪಾಯಿಂಟಿಗೆ ಇಷ್ಟು ಪೈಸೆ ಎನ್ನುತ್ತಾರೆ. ಮುಂದಿನ ಸಲ ಒಂದು ಮಟ್ಟದ ಮೇಲೆ ಹೋದರೆ ಬೇರೆ ಪೈಸೆ ಎನ್ನುತ್ತಾರೆ. ಹಾಲಿನ ಸಾಂದ್ರತೆ ನೋಡುವ ಲ್ಯಾಕ್ಟೋಮೀಟರ್ ಇರುವ ಕಡೆ ಎಸ್‌ಎನ್‌ಎಫ್ ಅನ್ನೇ ಸೂತ್ರದಿಂದ ತೆಗೆಯಬೇಕು: ರೀಡಿಂಗನ್ನು 4ರಿಂದ ಭಾಗಿಸಿ, ಫ್ಯಾಟನ್ನು 0.21ರಿಂದ ಗುಣಿಸಿ ಕೂಡಿ, ಮೇಲೆ 0.36 ಸೇರಿಸಬೇಕು. ರೀಡಿಂಗ್ 28, ಫ್ಯಾಟ್ 4 ಇದ್ದರೆ 8.2 ಬರುತ್ತದೆ. ಈ 0.21, 0.36 ಎಲ್ಲ ಕಡೆಯೂ ಒಂದೇ ಇರುವುದಿಲ್ಲ. ಇವನ್ನೆಲ್ಲ ಸೆಟ್ಟಿಂಗ್ ಫೈಲಿನಲ್ಲಿ ಹೇಳಲು ಹೊರಟರೆ, ನಮಗೇ ಗೊತ್ತಿಲ್ಲದ ಹಾಗೆ ಒಂದು ಹೊಸ ಭಾಷೆ ಕಟ್ಟುತ್ತಾ ಹೋಗುತ್ತೇವೆ. ಅದರ ಬದಲು ಚೆನ್ನಾಗಿ ಪಳಗಿದ ಒಂದು ಭಾಷೆಯನ್ನೇ ಪ್ರೋಗ್ರಾಮಿನೊಳಗೆ ಕೂರಿಸುವುದು ಮೇಲು.

ನಾನು ಕೂರಿಸಿದ್ದು ಲುವಾ (Lua) ಎಂಬ ಚಿಕ್ಕ ಸ್ಕ್ರಿಪ್ಟ್ ಭಾಷೆ. ಅದು ಹುಟ್ಟಿದ್ದೂ ಇಂಥದ್ದೇ ಕಷ್ಟದಿಂದ. 1993ರಲ್ಲಿ ಬ್ರೆಜಿಲ್‌ನ ರಿಯೊ ಡಿ ಜನೈರೊದ ಕ್ಯಾಥೊಲಿಕ್ ವಿಶ್ವವಿದ್ಯಾಲಯದಲ್ಲಿ ರೊಬೆರ್ಟೊ ಯೆರೂಸಲಿಮ್‌ಸ್ಕಿ, ಲೂಯಿಜ್ ಎನ್ರಿಕೆ ಡಿ ಫಿಗೈರೆಡೊ, ವಾಲ್ಡೆಮಾರ್ ಸೆಲೆಸ್ ಮೂವರು ಸೇರಿ ಇದನ್ನು ಮಾಡಿದರು. ಅಲ್ಲಿನ ತೈಲ ಕಂಪನಿ ಪೆಟ್ರೋಬ್ರಾಸ್‌ನ ಎಂಜಿನಿಯರುಗಳಿಗೆಂದು ಮೊದಲು ಡಿಇಎಲ್, ಸೋಲ್ ಎಂಬ ಎರಡು ಚಿಕ್ಕ ಭಾಷೆ ಮಾಡಿದ್ದರು. ಅವು ಮಾಹಿತಿ ವಿವರಿಸಲು ಮಾತ್ರ ಸಾಕಾಗುತ್ತಿದ್ದವು. ಬಳಸುವವರು ಷರತ್ತು ಬೇಕು, ಲೂಪ್ ಬೇಕು ಎಂದು ಕೇಳತೊಡಗಿದರು. ಎರಡನ್ನೂ ಸೇರಿಸಿ ಪೂರ್ತಿ ಭಾಷೆಯನ್ನೇ ಕಟ್ಟಿದರು. ಪೋರ್ಚುಗೀಸ್‌ನಲ್ಲಿ ಸೋಲ್ ಎಂದರೆ ಸೂರ್ಯ, ಲುವಾ ಎಂದರೆ ಚಂದ್ರ. ಈಗ ರೆಡಿಸ್ ಡೇಟಾಬೇಸ್, ನೆಟ್‌ವರ್ಕ್ ನೋಡುವ ವೈರ್‌ಶಾರ್ಕ್, ನಿಯೋವಿಮ್ ಎಡಿಟರ್ ಒಳಗೆಲ್ಲ ಇದೆ. ವಿಕಿಪೀಡಿಯದ ಟೆಂಪ್ಲೇಟುಗಳ ಹಿಂದೆಯೂ ಇದೇ ಇದೆ, ನಮ್ಮ ಕನ್ನಡ ವಿಕಿಪೀಡಿಯದಲ್ಲೂ ಸಹ.

ಪೈಥಾನ್ ಯಾಕಲ್ಲ ಎಂದು ಕೇಳುತ್ತಾರೆ. ಪೈಥಾನನ್ನೂ ಸಿ ಒಳಗೆ ಕೂರಿಸಬಹುದು. ಆದರೆ ಅದರ ಜೊತೆ ಅದರ ಲೈಬ್ರರಿಗಳ ಸಂಸಾರವೇ ಬರುತ್ತದೆ. ಪ್ರತಿ ವಸ್ತುವಿನ ರೆಫರೆನ್ಸ್ ಲೆಕ್ಕವನ್ನು ನಾವೇ ಇಡಬೇಕು. ಲುವಾ ಪೂರ್ತಿ ಸೇರಿದರೂ ಸುಮಾರು 30 ಸಾವಿರ ಸಾಲು ಸಿ ಕೋಡ್. ಬೋರ್ಡಿನಲ್ಲಿ ಅದು ಹಿಡಿಯುವ ಜಾಗ ಸಾವಿರ ಕಿಲೋಬೈಟ್ ಕೂಡ ಮುಟ್ಟುವುದಿಲ್ಲ. ಎಂಐಟಿ ಲೈಸೆನ್ಸ್ ಇರುವುದರಿಂದ ಮಾರುವ ಯಂತ್ರದಲ್ಲೂ ನಿಶ್ಚಿಂತೆಯಿಂದ ಹಾಕಬಹುದು.

ಮೊದಲು ಗಡಿ ಗೀಚಿ

ಕೋಡ್ ಮುಟ್ಟುವ ಮುಂಚೆ ಒಂದು ಹಾಳೆ ತೆಗೆದುಕೊಳ್ಳಿ. ನಡುವೆ ಒಂದು ಗೆರೆ ಎಳೆಯಿರಿ. ಎಡಕ್ಕೆ ಸಿ, ಬಲಕ್ಕೆ ಸ್ಕ್ರಿಪ್ಟ್, ಅಂದರೆ ಲುವಾದಲ್ಲಿ ಬರೆದ ಫೈಲು. ನನ್ನ ಹಾಳೆಯಲ್ಲಿ ತೂಕದ ಯಂತ್ರ, ಅನಲೈಸರ್, ಡೇಟಾಬೇಸ್, ಪ್ರಿಂಟರ್ ಎಲ್ಲ ಎಡಕ್ಕೆ ಹೋದವು. ಬಲಕ್ಕೆ ಉಳಿದಿದ್ದು ಒಂದೇ ಫಂಕ್ಷನ್: 'ದರ'. ಅದಕ್ಕೆ ಫ್ಯಾಟ್, ಎಸ್‌ಎನ್‌ಎಫ್, ಹಾಲಿನ ಜಾತಿ ಎಂದು ಮೂರು ಅಂಕಿ ಕೊಡುತ್ತೇವೆ. ಜಾತಿ ಅಂದರೆ ಹಸುವೋ ಎಮ್ಮೆಯೋ ಎಂದು. ಅದು ಒಂದು ಅಂಕಿ ವಾಪಸ್ ಕೊಡುತ್ತದೆ, ಲೀಟರಿಗೆ ಎಷ್ಟು ಪೈಸೆ ಎಂದು.

ಗೆರೆ ದಾಟುವ ವಸ್ತು ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಇಂಟರ್‌ಪ್ರಿಟರ್ (ಸ್ಕ್ರಿಪ್ಟ್ ಓದಿ ಓಡಿಸುವ ಭಾಗ) ಕೂರಿಸಿದ ಹುಮ್ಮಸ್ಸಿನಲ್ಲಿ ಎಲ್ಲವನ್ನೂ ಸ್ಕ್ರಿಪ್ಟಿಗೆ ಬಿಟ್ಟುಕೊಡಬೇಕು ಅನಿಸುತ್ತದೆ. ತಡೆಯಿರಿ. ಬಿಟ್ಟುಕೊಟ್ಟ ಪ್ರತಿಯೊಂದನ್ನೂ ಮುಂದೆ ವರ್ಷಗಟ್ಟಲೆ ನೀವೇ ಸಾಕಬೇಕಾಗುತ್ತದೆ.

ಸೋರ್ಸ್ ಸೇರಿಸುವುದು

ಲುವಾ 5.4ರ ಸೋರ್ಸ್ ಇಳಿಸಿಕೊಂಡು ನಿಮ್ಮ ಪ್ರಾಜೆಕ್ಟಿನೊಳಗೇ ಒಂದು ಫೋಲ್ಡರಿನಲ್ಲಿ ಇಟ್ಟುಬಿಡಿ. ಸಿಸ್ಟಮ್‌ನಲ್ಲಿ ಇರುವ ಲುವಾ ನಂಬಬೇಡಿ. 5.1, 5.3, 5.4 ನಡುವೆ ವ್ಯತ್ಯಾಸಗಳಿವೆ, ಒಂದಕ್ಕೆ ಬರೆದದ್ದು ಇನ್ನೊಂದರಲ್ಲಿ ಹಾಗೇ ಓಡುವುದಿಲ್ಲ. ಫೋಲ್ಡರಿನ ಎಲ್ಲ ಸಿ ಫೈಲುಗಳನ್ನೂ ಮೇಕ್‌ಫೈಲಿಗೆ ಸೇರಿಸಿ, ಎರಡನ್ನು ಬಿಟ್ಟು: ಲುವಾ.ಸಿ ಮತ್ತು ಲುವಾಕ್.ಸಿ. ಅವೆರಡರಲ್ಲೂ ಮೇನ್ ಫಂಕ್ಷನ್ ಇದೆ, ನಿಮ್ಮದರ ಜೊತೆ ಜಗಳಕ್ಕೆ ಬರುತ್ತವೆ. ಲಿಂಕ್ ಮಾಡುವಾಗ ಗಣಿತದ ಲೈಬ್ರರಿ ಸೇರಿಸಿ. ನಿಮ್ಮ ಫೈಲಿನಲ್ಲಿ ಮೂರು ಹೆಡರ್ ಬೇಕು: ಲುವಾ.ಎಚ್, ಎಲ್‌ಆಕ್ಸ್‌ಲಿಬ್.ಎಚ್, ಲುವಾಲಿಬ್.ಎಚ್.

ಫಂಕ್ಷನ್ ಹೆಸರುಗಳನ್ನು ನಾನು ಬಾಯಲ್ಲಿ ಹೇಳುವ ಹಾಗೆ ಬರೆಯುತ್ತೇನೆ, ಲುವಾ_ಪಿಕಾಲ್ ಎಂದರೆ lua_pcall. ಅವು ಎರಡು ಗುಂಪು. 'ಲುವಾ_' ಎಂದು ಶುರುವಾಗುವವು ಮೂಲದವು. 'ಲುವಾಎಲ್_' ಎಂದು ಶುರುವಾಗುವವು ಸಹಾಯಕ್ಕೆ ಇರುವವು, ಮೂಲದವನ್ನೇ ಬಳಸಿ ಬರೆದವು.

ಸ್ಟ್ಯಾಕ್ ಅರ್ಥವಾದರೆ ಅರ್ಧ ಕೆಲಸ ಮುಗಿಯಿತು

ಲುವಾ ಮತ್ತು ಸಿ ನೇರವಾಗಿ ಮಾತಾಡುವುದಿಲ್ಲ. ನಡುವೆ ಒಂದು ಸ್ಟ್ಯಾಕ್ ಇದೆ. ಊಟದ ಮನೆಯಲ್ಲಿ ತಟ್ಟೆ ಜೋಡಿಸಿದ ಹಾಗೆ ಒಂದರ ಮೇಲೊಂದು ಬೆಲೆಗಳು ಕೂರುತ್ತವೆ. ಕೆಳಗಿನಿಂದ ಎಣಿಸಿದರೆ 1, 2, 3. ಮೇಲಿನಿಂದ ಎಣಿಸಿದರೆ ಮೈನಸ್ 1, ಮೈನಸ್ 2. ಹೆಚ್ಚಿನ ಹೊತ್ತು ನಮಗೆ ಬೇಕಾಗುವುದು ಮೈನಸ್ 1, ಅಂದರೆ ಎಲ್ಲಕ್ಕಿಂತ ಮೇಲಿರುವುದು.

ಶುರುವಿನಲ್ಲಿ ಲುವಾಎಲ್_ನ್ಯೂಸ್ಟೇಟ್ ಕರೆದರೆ ಒಂದು ಪಾಯಿಂಟರ್ ಸಿಗುತ್ತದೆ. ಇಡೀ ಇಂಟರ್‌ಪ್ರಿಟರ್ ಅದರ ಹಿಂದೆ ಇದೆ, ಅದನ್ನೇ ಸ್ಟೇಟ್ ಎನ್ನುತ್ತಾರೆ. ಗ್ಲೋಬಲ್ ಎಂದು ಹೊರಗೆ ಏನೂ ಇಲ್ಲ. ಹಾಗಾಗಿ ಒಂದೇ ಪ್ರೋಗ್ರಾಮಿನಲ್ಲಿ ಎರಡು ಸ್ಟೇಟ್ ಇಟ್ಟುಕೊಂಡರೂ ಒಂದಕ್ಕೊಂದು ತಾಗುವುದಿಲ್ಲ. ಇದು ಕೊನೆಯಲ್ಲಿ ತುಂಬ ಉಪಯೋಗಕ್ಕೆ ಬರುತ್ತದೆ, ನೆನಪಿಡಿ.

ಲುವಾಎಲ್_ಲೋಡ್‌ಫೈಲ್ ಸ್ಕ್ರಿಪ್ಟನ್ನು ಓದಿ, ಕಂಪೈಲ್ ಮಾಡಿ, ಒಂದು ಫಂಕ್ಷನ್ನಾಗಿ ಸ್ಟ್ಯಾಕ್ ಮೇಲೆ ಇಡುತ್ತದೆ. ಇನ್ನೂ ಓಡಿಸಿಲ್ಲ. ಅದನ್ನು ಲುವಾ_ಪಿಕಾಲ್‌ನಿಂದ ಒಮ್ಮೆ ಓಡಿಸಿದಾಗ ಮಾತ್ರ ಒಳಗೆ ಬರೆದ 'ದರ' ಎಂಬ ಫಂಕ್ಷನ್ ಹುಟ್ಟುತ್ತದೆ. ಶುರುವಿನಲ್ಲಿ ತುಂಬ ಜನ ಎಡವುವುದು ಇಲ್ಲೇ. ಲೋಡ್ ಮಾಡಿದ್ದೇನಲ್ಲ, ಫಂಕ್ಷನ್ ಯಾಕೆ ನಿಲ್ (ಏನೂ ಇಲ್ಲ) ಎನ್ನುತ್ತಿದೆ ಎಂದು ತಲೆ ಕೆಡಿಸಿಕೊಳ್ಳುತ್ತಾರೆ.

ಇನ್ನು ಒಬ್ಬ ರೈತರ ಹಾಲು ಬಂತು ಎಂದುಕೊಳ್ಳಿ. ಲುವಾ_ಗೆಟ್‌ಗ್ಲೋಬಲ್‌ಗೆ ಫಂಕ್ಷನ್ ಹೆಸರು ಕೊಡಿ. ಫಂಕ್ಷನ್ ಸ್ಟ್ಯಾಕ್ ಮೇಲೆ ಬಂದು ಕೂರುತ್ತದೆ. ಲುವಾ_ಪುಶ್‌ಇಂಟಿಜರ್ ಮೂರು ಸಲ ಕರೆಯಿರಿ, ಮೂರು ಅಂಕಿ ಅದರ ಮೇಲೆ ಕೂರುತ್ತವೆ. ಈಗ ಸ್ಟ್ಯಾಕ್ ಮೇಲೆ ನಾಲ್ಕು ಇವೆ. ಲುವಾ_ಪಿಕಾಲ್‌ಗೆ ಮೂರು ಕೊಡುತ್ತಿದ್ದೇನೆ, ಒಂದು ಬೇಕು ಎಂದು ಹೇಳಿ. ಅದು ನಾಲ್ಕನ್ನೂ ಎತ್ತಿಕೊಂಡು ಒಂದನ್ನು ಇಡುತ್ತದೆ. ಸರಿಯಾಗಿ ನಡೆದರೆ ಉತ್ತರ, ತಪ್ಪಾದರೆ ತಪ್ಪಿನ ಮಾತು. ಎರಡೂ ಹೊತ್ತು ಮೇಲೆ ಉಳಿಯುವುದು ಒಂದೇ. ಅದನ್ನು ಓದಿಕೊಂಡ ಮೇಲೆ ಲುವಾ_ಪಾಪ್ ಮಾಡಿ ತೆಗೆಯಬೇಕು.

ಆ ಪಾಪ್ ನಾನು ಮರೆತಿದ್ದೆ. ಮೇಜಿನ ಮೇಲೆ ಹತ್ತು ಸಲ ಪರೀಕ್ಷೆ ಮಾಡಿದೆ, ಎಲ್ಲ ಸರಿ ಬಂತು. ಅರಕಲಗೂಡು ಕಡೆಯ ಒಂದು ಡೇರಿಯಲ್ಲಿ ಯಂತ್ರ ಇಟ್ಟು ಬಂದೆ. ಮರುದಿನ ಬೆಳಗ್ಗೆ ಆರೂವರೆಗೆ ಸೆಕ್ರೆಟರಿ ಫೋನ್ ಮಾಡಿದರು. "ಮೇಡಂ, ಮಿಷನ್ ನಿಂತೋಯ್ತು. ಇನ್ನೂ ಅರ್ಧ ಜನ ಕ್ಯಾನ್ ಹಿಡ್ಕೊಂಡು ನಿಂತವ್ರೆ." ಹಾಲು ಕಾಯುವುದಿಲ್ಲ ನೋಡಿ. ಅವತ್ತು ಅವರು ಉಳಿದವರ ಲೆಕ್ಕ ಕೈಯಲ್ಲೇ ಬರೆದರು.

ಆಗಿದ್ದು ಇಷ್ಟು. ಲುವಾ ನಮಗೆ 20 ಜಾಗ ಮಾತ್ರ ಖಂಡಿತ ಕೊಡುತ್ತೇನೆ ಎನ್ನುತ್ತದೆ. ಅದಕ್ಕಿಂತ ಹೆಚ್ಚು ಬೇಕಾದರೆ ಲುವಾ_ಚೆಕ್‌ಸ್ಟ್ಯಾಕ್ ಕರೆದು ಕೇಳಬೇಕು. ಕೇಳದೆ ಮೇಲೆ ಮೇಲೆ ಇಡುತ್ತಾ ಹೋದರೆ ಅದು ತಪ್ಪು ಎಂದು ಹೇಳುವುದೂ ಇಲ್ಲ. ಸುಮ್ನೆ ಬೇರೆ ಯಾರದೋ ಮೆಮೊರಿ ಕೆಡುತ್ತದೆ. ಒಬ್ಬೊಬ್ಬ ರೈತರಿಗೆ ಒಂದೊಂದು ತಟ್ಟೆ ಉಳಿಯುತ್ತಾ ಬಂದು, ಯಾವಾಗಲೋ ಪ್ರೋಗ್ರಾಂ ಬಿತ್ತು. ಹತ್ತು ಸಲದ ಪರೀಕ್ಷೆಯಲ್ಲಿ ಇದು ಕಾಣುವುದು ಹೇಗೆ?

ಅಂದಿನಿಂದ ಎರಡು ಪದ್ಧತಿ ಇಟ್ಟುಕೊಂಡಿದ್ದೇನೆ. ಒಂದು, ಲುವಾ ಮುಟ್ಟುವ ಪ್ರತಿ ಸಿ ಫಂಕ್ಷನ್ನಿನ ಮೊದಲ ಸಾಲಿನಲ್ಲಿ ಲುವಾ_ಗೆಟ್‌ಟಾಪ್ ಕರೆದು ಸ್ಟ್ಯಾಕ್ ಎತ್ತರ ಬರೆದಿಟ್ಟುಕೊಳ್ಳುತ್ತೇನೆ. ಹೊರಗೆ ಹೋಗುವ ದಾರಿ ಒಂದೇ ಇಡುತ್ತೇನೆ, ಅಲ್ಲಿ ಲುವಾ_ಸೆಟ್‌ಟಾಪ್‌ನಿಂದ ಅದೇ ಎತ್ತರಕ್ಕೆ ತರುತ್ತೇನೆ. ಎರಡು, ಪರೀಕ್ಷೆಯ ಬಿಲ್ಡನ್ನು ಲುವಾ_ಯೂಸ್_ಎಪಿಐಚೆಕ್ ಎಂಬ ಮ್ಯಾಕ್ರೋ ಹಾಕಿ ಕಂಪೈಲ್ ಮಾಡುತ್ತೇನೆ. ಆಗ ಮಿತಿ ದಾಟಿದ ಕೂಡಲೇ, ಲುವಾ ಸೋರ್ಸಿನ ಯಾವ ಸಾಲು ಎಂದು ಹೇಳಿ ಪ್ರೋಗ್ರಾಂ ನಿಲ್ಲುತ್ತದೆ. ಈ ಮ್ಯಾಕ್ರೋ ಇಲ್ಲದೆ ದಯವಿಟ್ಟು ಯಾರೂ ಶುರು ಮಾಡಬೇಡಿ.

ಪೈಸೆಯ ವಿಚಾರ

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ಭಾಗ ಇದು. ಒಂದು ಉದಾಹರಣೆ ಲೆಕ್ಕ ಹಿಡಿಯೋಣ. ಫ್ಯಾಟ್ 3.5 ಇದ್ದರೆ ಲೀಟರಿಗೆ 35 ರೂಪಾಯಿ. ಅದರ ಮೇಲೆ ಪ್ರತಿ 0.1ಕ್ಕೆ 25 ಪೈಸೆ. ಹಾಲಿನ ಫ್ಯಾಟ್ 4.1 ಬಂತು. ಎಷ್ಟು ಪಾಯಿಂಟ್ ಜಾಸ್ತಿ? ಆರು. ಬಾಯಲ್ಲೇ ಹೇಳಬಹುದು. ಈಗ ಲುವಾದಲ್ಲಿ 4.1ರಿಂದ 3.5 ಕಳೆದು, 0.1ರಿಂದ ಭಾಗಿಸಿ, ಮ್ಯಾಥ್.ಫ್ಲೋರ್ ಹಾಕಿ ನೋಡಿ. ಐದು ಬರುತ್ತದೆ. ಯಾಕೆಂದರೆ 4.1 ಎಂಬುದು ಡಬಲ್‌ನಲ್ಲಿ (ಕಂಪ್ಯೂಟರ್ ದಶಮಾಂಶ ಸಂಖ್ಯೆ ಇಡುವ ರೂಪದಲ್ಲಿ) ಸರಿಯಾಗಿ 4.1 ಅಲ್ಲ. ಭಾಗಿಸಿದಾಗ 5.999... ಎಂದು ಬರುತ್ತದೆ, ಫ್ಲೋರ್ ಅದನ್ನು ಕತ್ತರಿಸುತ್ತದೆ. ರೈತರಿಗೆ ಲೀಟರಿಗೆ 25 ಪೈಸೆ ಹೋಯಿತು. ಹತ್ತು ಲೀಟರ್ ಹಾಕುವ ಮನೆಗೆ ಹೊತ್ತಿಗೆ ಎರಡೂವರೆ ರೂಪಾಯಿ, ದಿನಕ್ಕೆ ಎರಡು ಹೊತ್ತು. ಇದು ಸಿ ತಪ್ಪೂ ಅಲ್ಲ, ಲುವಾ ತಪ್ಪೂ ಅಲ್ಲ. ಗಡಿಯಲ್ಲಿ ಯಾವ ರೂಪದಲ್ಲಿ ದಾಟಿಸಬೇಕು ಎಂದು ಯೋಚಿಸದೇ ಇದ್ದ ನಮ್ಮ ತಪ್ಪು.

ಹಾಗಾಗಿ ಫ್ಯಾಟನ್ನು 41 ಎಂದು ದಾಟಿಸಿ. ಎಸ್‌ಎನ್‌ಎಫ್ 8.5 ಅನ್ನು 85 ಎಂದು. ದರವನ್ನು ಪೈಸೆಯಲ್ಲಿ, ಪೂರ್ಣಾಂಕದಲ್ಲೇ ಕೇಳಿ. 41ರಲ್ಲಿ 35 ಹೋದರೆ 6, ಆರು ಇಪ್ಪತ್ತೈದಲ 150, ಒಟ್ಟು 3650 ಪೈಸೆ. ಎಲ್ಲೂ ಜಾರುವ ಜಾಗವೇ ಇಲ್ಲ. ಲುವಾ 5.3ರಿಂದ ಈಚೆಗೆ 64 ಬಿಟ್ಟಿನ ಪೂರ್ಣಾಂಕ ಬೇರೆಯಾಗಿಯೇ ಇದೆ. ಅದಕ್ಕೂ ಹಿಂದಿನದರಲ್ಲಿ ಎಲ್ಲವೂ ಡಬಲ್.

ವಾಪಸ್ ಬರುವಾಗಲೂ ಒಂದು ಗುಂಡಿ ಇದೆ. ಸ್ಕ್ರಿಪ್ಟ್ ಬರೆದವರು ಎಲ್ಲೋ ಒಂದು ಭಾಗಾಕಾರ ಹಾಕಿ 3412.5 ವಾಪಸ್ ಕೊಟ್ಟರು ಎನ್ನಿ. ಲುವಾ_ಟುಇಂಟಿಜರ್ ಅದನ್ನು 3412 ಮಾಡುವುದಿಲ್ಲ. ಸೊನ್ನೆ ಕೊಡುತ್ತದೆ! ಚೀಟಿಯಲ್ಲಿ ದರ ಸೊನ್ನೆ ಎಂದು ಬಂದುಬಿಡುತ್ತದೆ. ಅದಕ್ಕೇ ಲುವಾ_ಟುಇಂಟಿಜರ್‌ಎಕ್ಸ್ ಬಳಸಿ. ಕೊನೆಯ ಆರ್ಗ್ಯುಮೆಂಟಿನಲ್ಲಿ ಅಂಕಿ ನಿಜವಾಗಿ ಸಿಕ್ಕಿತೋ ಇಲ್ಲವೋ ಎಂದು ಹೇಳುತ್ತದೆ. ಸಿಗದಿದ್ದರೆ ಹಾಲಿನ ನಮೂದನ್ನೇ ನಿಲ್ಲಿಸಿ, ಸೆಕ್ರೆಟರಿಗೆ ತೋರಿಸಿ. ಸಿಕ್ಕಿದರೂ ಒಂದು ಮಿತಿಯ ಒಳಗಿದೆಯೇ ಎಂದು ಸಿ ಕಡೆಯೇ ನೋಡಬೇಕು. ನನ್ನದರಲ್ಲಿ ಸ್ಕ್ರಿಪ್ಟ್ ಏನೇ ಹೇಳಿದರೂ, ಹಿಂದಿನ ದರಕ್ಕಿಂತ ಐದು ರೂಪಾಯಿಗಿಂತ ಜಾಸ್ತಿ ಏರಿಳಿತ ಇದ್ದರೆ ಒಪ್ಪುವುದಿಲ್ಲ.

ತಪ್ಪು ಆದಾಗ

ಲುವಾ_ಕಾಲ್ ಮತ್ತು ಲುವಾ_ಪಿಕಾಲ್ ಎಂದು ಎರಡು ಇವೆ. ಪಿ ಎಂದರೆ ರಕ್ಷಣೆ ಇರುವ ಕರೆ. ಹೊರಗಿನ ಸಿ ಕೋಡಿನಿಂದ ಯಾವಾಗಲೂ ಎರಡನೆಯದೇ ಕರೆಯಬೇಕು. ರಕ್ಷಣೆ ಇಲ್ಲದ ಕಡೆ ಲುವಾ ತಪ್ಪು ಎಸೆದರೆ ಪ್ಯಾನಿಕ್ ಫಂಕ್ಷನ್ನಿಗೆ ಹೋಗುತ್ತದೆ, ಅಲ್ಲಿಂದ ಅಬಾರ್ಟ್. ಪ್ರೋಗ್ರಾಂ ಮುಗಿಯಿತು.

ಒಂದು ಸೂಕ್ಷ್ಮ ಇದೆ. ಸ್ಟ್ರಿಂಗ್ ಪುಶ್ ಮಾಡುವುದು, ಟೇಬಲ್ ಮಾಡುವುದು, ಇವಕ್ಕೂ ಮೆಮೊರಿ ಬೇಕು. ಮೆಮೊರಿ ಸಿಗದಿದ್ದರೆ ಇವೂ ತಪ್ಪು ಎಸೆಯುತ್ತವೆ. ನೀವು ಪಿಕಾಲ್‌ಗೆ ಮುಂಚೆ ಸಿದ್ಧತೆ ಮಾಡಿಕೊಳ್ಳುತ್ತಿರುವಾಗಲೇ ಹೀಗಾದರೆ ಹಿಡಿಯುವವರು ಯಾರೂ ಇಲ್ಲ. ಅದಕ್ಕೆ ಸಿದ್ಧತೆಯನ್ನೆಲ್ಲ ಒಂದು ಸಿ ಫಂಕ್ಷನ್ ಒಳಗೆ ಹಾಕಿ, ಆ ಫಂಕ್ಷನ್ನನ್ನೇ ಪಿಕಾಲ್‌ನಿಂದ ಕರೆಯಿರಿ. ಲುವಾದ ಜೊತೆ ಬರುವ ಲುವಾ.ಸಿ ಕೂಡ ಹೀಗೇ ಮಾಡುತ್ತದೆ. ಒಮ್ಮೆ ಓದಿ, ಇದಕ್ಕಿಂತ ಒಳ್ಳೆಯ ಪಾಠ ಸಿಗುವುದಿಲ್ಲ.

ತಪ್ಪಿನ ಮಾತಿನಲ್ಲಿ ಫೈಲಿನ ಹೆಸರು, ಸಾಲಿನ ನಂಬರು ಇರುತ್ತದೆ. ಸ್ಕ್ರಿಪ್ಟಿನೊಳಗೆ ಒಂದು ಫಂಕ್ಷನ್ ಇನ್ನೊಂದನ್ನು ಕರೆದಿದ್ದರೆ ಅಷ್ಟು ಸಾಕಾಗುವುದಿಲ್ಲ. ಪಿಕಾಲ್‌ನ ಕೊನೆಯ ಆರ್ಗ್ಯುಮೆಂಟಿನಲ್ಲಿ ಒಂದು ಹ್ಯಾಂಡ್ಲರ್ ಕೊಡಬಹುದು. ಅದರೊಳಗೆ ಲುವಾಎಲ್_ಟ್ರೇಸ್‌ಬ್ಯಾಕ್ ಕರೆದರೆ ಎಲ್ಲಿಂದ ಎಲ್ಲಿಗೆ ಬಂತು ಎಂದು ಪೂರ್ತಿ ಸಿಗುತ್ತದೆ. ಪಿಕಾಲ್ ಮುಗಿದ ಮೇಲೆ ಟ್ರೇಸ್‌ಬ್ಯಾಕ್ ತೆಗೆಯಲು ಹೋದರೆ ಆ ದಾರಿ ಆಗಲೇ ಅಳಿಸಿಹೋಗಿರುತ್ತದೆ.

ಸ್ಕ್ರಿಪ್ಟಿಗೆ ಸಿ ಫಂಕ್ಷನ್ ಕೊಡುವುದು

ನಾನು ಕೊಟ್ಟಿರುವುದು ಎರಡೇ. ಒಂದು, ಈಗ ಬೆಳಗಿನ ಹೊತ್ತೋ ಸಂಜೆಯ ಹೊತ್ತೋ ಎಂದು ಹೇಳುವುದು. ಇನ್ನೊಂದು, ಲಾಗ್ ಫೈಲಿಗೆ ಒಂದು ಸಾಲು ಬರೆಯುವುದು. ರೂಪ ಸರಳ: ಸ್ಟೇಟ್ ಪಾಯಿಂಟರ್ ತೆಗೆದುಕೊಂಡು, ಎಷ್ಟು ಉತ್ತರ ಇಟ್ಟೆ ಎಂಬ ಸಂಖ್ಯೆ ವಾಪಸ್ ಕೊಡುವ ಸಿ ಫಂಕ್ಷನ್. ಒಳಗೆ ಲುವಾಎಲ್_ಚೆಕ್‌ಇಂಟಿಜರ್, ಲುವಾಎಲ್_ಚೆಕ್‌ಸ್ಟ್ರಿಂಗ್‌ನಿಂದ ಆರ್ಗ್ಯುಮೆಂಟ್ ಓದಿ. ಉತ್ತರ ಪುಶ್ ಮಾಡಿ. ಲುವಾ_ರಿಜಿಸ್ಟರ್‌ನಿಂದ ಹೆಸರಿಡಿ. ಲುವಾ ಕರೆಯುವ ಇಂಥ ಫಂಕ್ಷನ್ನಿಗೆ ಪ್ರತಿ ಸಲವೂ ಹೊಸ ಸ್ಟ್ಯಾಕ್ ಸಿಗುತ್ತದೆ. ಇಲ್ಲಿ ಪಾಪ್ ಮಾಡುವ ಚಿಂತೆ ಇಲ್ಲ.

ಚಿಂತೆ ಬೇರೆ ಕಡೆ ಇದೆ. ಲುವಾದ ತಪ್ಪು ಸಿ ಒಳಗೆ ಲಾಂಗ್‌ಜಂಪ್ ಮೂಲಕ, ಅಂದರೆ ನಡುವಿನ ಫಂಕ್ಷನ್‌ಗಳನ್ನು ಬಿಟ್ಟು ನೇರ ಪಿಕಾಲ್‌ಗೆ ಹಾರುತ್ತದೆ. ಹಾರಿದರೆ ನಿಮ್ಮ ಫಂಕ್ಷನ್ನಿನ ಕೆಳಗಿನ ಸಾಲುಗಳು ಓಡುವುದಿಲ್ಲ. ನನ್ನ ಲಾಗ್ ಫಂಕ್ಷನ್ ಮೊದಲು ಫೈಲ್ ತೆರೆದು, ಆಮೇಲೆ ಆರ್ಗ್ಯುಮೆಂಟ್ ಪರೀಕ್ಷಿಸುತ್ತಿತ್ತು. ಸ್ಕ್ರಿಪ್ಟ್ ನಿಲ್ ಕೊಟ್ಟಾಗ ಚೆಕ್‌ಸ್ಟ್ರಿಂಗ್‌ನಿಂದಲೇ ಹಾರಿಹೋಯಿತು. ಫೈಲ್ ಮುಚ್ಚಲೇ ಇಲ್ಲ. ಲಿನಕ್ಸ್‌ನಲ್ಲಿ ಒಂದು ಪ್ರೊಸೆಸ್ಸಿಗೆ ಸಾಮಾನ್ಯವಾಗಿ 1024 ಫೈಲ್ ಮಿತಿ. ಅದು ತುಂಬಿದ ದಿನ ಪ್ರಿಂಟರೂ ತೆರೆಯಲಿಲ್ಲ. ಕ್ರಮ ಹೀಗಿರಲಿ: ಮೊದಲು ಎಲ್ಲ ಆರ್ಗ್ಯುಮೆಂಟ್ ಪರೀಕ್ಷಿಸಿ, ಆಮೇಲೆ ಫೈಲ್, ಮೆಮೊರಿ ಏನು ಬೇಕೋ ತೆಗೆದುಕೊಳ್ಳಿ, ಅದನ್ನು ಹಿಡಿದುಕೊಂಡಿರುವಾಗ ತಪ್ಪು ಎಸೆಯಬಹುದಾದ ಯಾವ ಲುವಾ ಕರೆಯನ್ನೂ ಮಾಡಬೇಡಿ. ಅದು ಸಾಧ್ಯವಿಲ್ಲದ ಕಡೆ ವಸ್ತುವನ್ನು ಯೂಸರ್‌ಡೇಟಾ (ಸಿ ಮಾಹಿತಿ ಹಿಡಿಯುವ ಲುವಾ ವಸ್ತು) ಒಳಗಿಟ್ಟು, ಅದರ ನಡವಳಿಕೆ ಹೇಳುವ ಮೆಟಾಟೇಬಲ್‌ನಲ್ಲಿ ಜಿಸಿ (__gc) ಫಂಕ್ಷನ್ ಕೊಡಿ. ಬಳಕೆಯಲ್ಲಿಲ್ಲದ ಮೆಮೊರಿಯ ಕಸ ಗುಡಿಸುವಾಗ ಲುವಾ ತಾನೇ ಮುಚ್ಚುತ್ತದೆ.

ಬೇಲಿ ಹಾಕುವುದು

ಪಾಠಗಳಲ್ಲೆಲ್ಲ ಲುವಾಎಲ್_ಓಪನ್‌ಲಿಬ್ಸ್ ಕರೆಯಿರಿ ಎಂದಿರುತ್ತದೆ. ಅದು ಫೈಲ್ ಅಳಿಸುವುದು, ಸಿಸ್ಟಮ್ ಕಮಾಂಡ್ ಓಡಿಸುವುದು ಎಲ್ಲವನ್ನೂ ಸ್ಕ್ರಿಪ್ಟಿಗೆ ಕೊಡುತ್ತದೆ. ದರದ ಲೆಕ್ಕಕ್ಕೆ ಅದೆಲ್ಲ ಯಾಕೆ? ಲುವಾಎಲ್_ರಿಕ್ವೈರ್‌ಎಫ್‌ನಿಂದ ಬೇಸ್, ಮ್ಯಾಥ್, ಸ್ಟ್ರಿಂಗ್, ಟೇಬಲ್ ಲೈಬ್ರರಿಗಳನ್ನು ಮಾತ್ರ ಒಂದೊಂದಾಗಿ ತೆರೆಯಿರಿ. ಇದು ಪ್ರತಿ ಸಲ ಸ್ಟ್ಯಾಕ್ ಮೇಲೆ ಒಂದು ಬಿಟ್ಟುಹೋಗುತ್ತದೆ, ಪಾಪ್ ಮರೆಯಬೇಡಿ. ಆಮೇಲೆ ಬೇಸ್‌ನಲ್ಲಿರುವ ಡೂಫೈಲ್, ಲೋಡ್‌ಫೈಲ್, ಲೋಡ್, ಪಿಕಾಲ್, ಎಕ್ಸ್‌ಪಿಕಾಲ್ ಇವನ್ನು ನಿಲ್ ಮಾಡಿ. ಸ್ಕ್ರಿಪ್ಟಿನೊಳಗಿನ ಪಿಕಾಲ್ ಬಿಟ್ಟರೆ, ನಾವು ನಿಲ್ಲಿಸಲು ಎಸೆದ ತಪ್ಪನ್ನೂ ಅದು ಹಿಡಿದು ಮುಂದುವರಿಯಬಹುದು.

ಫೈಲ್ ಲೋಡ್ ಮಾಡುವಾಗ ಲುವಾಎಲ್_ಲೋಡ್‌ಫೈಲ್‌ಎಕ್ಸ್ ಬಳಸಿ, ಮೋಡ್ ಎಂಬಲ್ಲಿ 'ಟಿ' ಕೊಡಿ. ಬರೀ ಪಠ್ಯ ಮಾತ್ರ ಒಪ್ಪು ಎಂದು ಅರ್ಥ. ಕಂಪೈಲ್ ಆದ ಬೈಟ್‌ಕೋಡನ್ನು ಲುವಾ ಪರೀಕ್ಷಿಸುವುದಿಲ್ಲ, ಕೆಟ್ಟದ್ದು ಬಂದರೆ ಇಂಟರ್‌ಪ್ರಿಟರೇ ಬೀಳುತ್ತದೆ.

ಮುಗಿಯದ ಲೂಪಿಗೆ ಲುವಾ_ಸೆಟ್‌ಹುಕ್ ಇದೆ. ಇಷ್ಟು ಸೂಚನೆ ಓಡಿದ ಮೇಲೆ ನನ್ನನ್ನು ಕರೆ ಎಂದು ಹೇಳಬಹುದು. ನಾನು 1 ಲಕ್ಷ ಇಟ್ಟಿದ್ದೇನೆ. ಹುಕ್ ಒಳಗೆ ಲುವಾಎಲ್_ಎರರ್ ಕರೆದರೆ ಸ್ಕ್ರಿಪ್ಟ್ ಅಲ್ಲೇ ನಿಲ್ಲುತ್ತದೆ. ಆದರೆ ಈ ಎಣಿಕೆ ಲುವಾ ಸೂಚನೆಗಳಿಗೆ ಮಾತ್ರ. ಸ್ಟ್ರಿಂಗ್.ರೆಪ್ ಥರದ ಸಿ ಫಂಕ್ಷನ್ ಒಳಗೆ ಹೊಕ್ಕು ಕೋಟಿಗಟ್ಟಲೆ ಬೈಟ್ ಮಾಡಲು ಹೊರಟರೆ ಹುಕ್ ಕರೆಯುವುದಿಲ್ಲ. ಅದಕ್ಕೆ ಮೆಮೊರಿ ಮಿತಿ ಬೇಕು.

ಲುವಾಎಲ್_ನ್ಯೂಸ್ಟೇಟ್ ಬದಲು ಲುವಾ_ನ್ಯೂಸ್ಟೇಟ್‌ಗೆ ನಿಮ್ಮದೇ ಅಲೋಕೇಟರ್ (ಮೆಮೊರಿ ಕೊಡುವ ಫಂಕ್ಷನ್) ಕೊಡಿ. ಹೊಸ ಅಳತೆ ಸೊನ್ನೆ ಬಂದರೆ ಫ್ರೀ ಮಾಡಿ, ಇಲ್ಲವಾದರೆ ರೀಅಲಾಕ್. ಒಟ್ಟು ಎಷ್ಟು ಕೊಟ್ಟಿದ್ದೇನೆ ಎಂದು ಲೆಕ್ಕ ಇಡಿ, ಮಿತಿ ದಾಟಿದರೆ ನಲ್ ಕೊಡಿ. ಲುವಾ ಒಮ್ಮೆ ಕಸ ಗುಡಿಸಿ ನೋಡಿ, ಆಗಲೂ ಸಿಗದಿದ್ದರೆ ಮೆಮೊರಿ ತಪ್ಪು ಎಸೆಯುತ್ತದೆ. ಲೆಕ್ಕ ಇಡುವಾಗ ಒಂದು ಎಚ್ಚರ: ಹಳೆಯ ಪಾಯಿಂಟರ್ ನಲ್ ಇದ್ದಾಗ, ಹಳೆಯ ಅಳತೆ ಎಂಬ ಜಾಗದಲ್ಲಿ ಬರುವುದು ಅಳತೆಯಲ್ಲ, ಯಾವ ಜಾತಿಯ ವಸ್ತು ಎಂಬ ಸಂಕೇತ. ಅದನ್ನೂ ಕಳೆದರೆ ಲೆಕ್ಕ ನಿಧಾನವಾಗಿ ತಪ್ಪುತ್ತದೆ. ನನ್ನ ದರದ ಸ್ಕ್ರಿಪ್ಟಿಗೆ 1 ಎಂಬಿ ಮಿತಿ ಧಾರಾಳವಾಗಿ ಸಾಕು.

ಕನ್ನಡ ಅಕ್ಷರಗಳ ಬಗ್ಗೆ ಎರಡು ಮಾತು. ಲುವಾಗೆ ಸ್ಟ್ರಿಂಗ್ ಅಂದರೆ ಬೈಟುಗಳ ಸಾಲು, ಯುಟಿಎಫ್-8 ಕನ್ನಡ ಏನೂ ಕೆಡದೆ ದಾಟುತ್ತದೆ. ಆದರೆ 'ಕನ್ನಡ' ಎಂಬುದರ ಉದ್ದ ಕೇಳಿದರೆ 15 ಎನ್ನುತ್ತದೆ, ಐದು ಕೋಡ್‌ಪಾಯಿಂಟ್, ಒಂದೊಂದಕ್ಕೆ ಮೂರು ಬೈಟ್. ಸ್ಟ್ರಿಂಗ್.ಸಬ್‌ನಿಂದ ಹೆಸರು ಕತ್ತರಿಸಿದರೆ ಅಕ್ಷರ ಒಡೆಯುತ್ತದೆ. ಫಂಕ್ಷನ್, ವೇರಿಯಬಲ್ ಹೆಸರುಗಳನ್ನು, ನಾನು ಇಲ್ಲಿ 'ದರ' ಎಂದದ್ದನ್ನೂ ಸೇರಿಸಿ, ಇಂಗ್ಲಿಷ್ ಅಕ್ಷರದಲ್ಲೇ ಬರೆಯಬೇಕು. ಕಮೆಂಟ್ ಮಾತ್ರ ಕನ್ನಡದಲ್ಲಿ ಇರಲಿ. ನಮ್ಮ ದರದ ಫೈಲನ್ನು ಸೆಕ್ರೆಟರಿಗಳು ಓದಿ ಸುತ್ತೋಲೆ ಜೊತೆ ತಾಳೆ ನೋಡುತ್ತಾರೆ.

ಓಡುತ್ತಿರುವಾಗಲೇ ಬದಲಿಸುವುದು

ಇಷ್ಟೆಲ್ಲ ಮಾಡಿದ್ದೇ ಇದಕ್ಕಾಗಿ. ಹೊಸ ಸ್ಕ್ರಿಪ್ಟ್ ಬಂದಾಗ ಓಡುತ್ತಿರುವ ಸ್ಟೇಟ್ ಒಳಗೇ ಅದನ್ನು ಲೋಡ್ ಮಾಡಬೇಡಿ. ಹಳೆಯ ಗ್ಲೋಬಲ್‌ಗಳು ಉಳಿದು ಹೊಸದರ ಜೊತೆ ಬೆರೆಯುತ್ತವೆ. ಎರಡನೇ ಸ್ಟೇಟ್ ತೆರೆಯಿರಿ. ಬೇಲಿ ಹಾಕಿ, ಲೋಡ್ ಮಾಡಿ, ಒಮ್ಮೆ ಓಡಿಸಿ. ಸ್ಕ್ರಿಪ್ಟ್ ಜೊತೆ ನಾನು ಹನ್ನೆರಡು ಪರೀಕ್ಷಾ ಲೆಕ್ಕ ಕಳಿಸುತ್ತೇನೆ: ಇಷ್ಟು ಫ್ಯಾಟ್, ಇಷ್ಟು ಎಸ್‌ಎನ್‌ಎಫ್ ಇದ್ದರೆ ಇಷ್ಟು ಪೈಸೆ ಎಂದು. ಸುತ್ತೋಲೆಯ ಪಟ್ಟಿ ನೋಡಿ ಕೈಯಲ್ಲಿ ಬರೆದವು. ಹನ್ನೆರಡೂ ಹೊಂದಿದರೆ ಮಾತ್ರ ಪಾಯಿಂಟರ್ ಬದಲಿಸಿ, ಹಳೆಯದಕ್ಕೆ ಲುವಾ_ಕ್ಲೋಸ್. ಒಂದು ತಪ್ಪಿದರೂ ಹೊಸದನ್ನೇ ಮುಚ್ಚಿ, ಹಳೆಯದರಲ್ಲೇ ಮುಂದುವರಿಯಿರಿ, ಪರದೆಯ ಮೇಲೆ ಹೇಳಿ.

ಯಾವಾಗ ಬದಲಿಸಬೇಕು ಎಂಬುದನ್ನೂ ಸಿ ನಿರ್ಧರಿಸಲಿ. ನಾನು ಹೊತ್ತು ಶುರುವಾಗುವಾಗ ಮಾತ್ರ ಬದಲಿಸುತ್ತೇನೆ. ಒಂದೇ ಬೆಳಗ್ಗೆ ಮುಂದೆ ನಿಂತವರಿಗೆ ಒಂದು ದರ, ಹಿಂದೆ ನಿಂತವರಿಗೆ ಇನ್ನೊಂದು ದರ ಆಗಬಾರದು, ಅಲ್ವಾ?

ಕೊನೆಗೆ, ಪ್ರತಿ ಸ್ಕ್ರಿಪ್ಟಿನ ಮೊದಲ ಸಾಲಿನಲ್ಲಿ ದರಪಟ್ಟಿಯ ತಾರೀಖು ಒಂದು ಗ್ಲೋಬಲ್ ಸ್ಟ್ರಿಂಗ್ ಆಗಿರಲಿ. ಸಿ ಅದನ್ನು ಲುವಾ_ಗೆಟ್‌ಗ್ಲೋಬಲ್, ಲುವಾ_ಟುಸ್ಟ್ರಿಂಗ್‌ನಿಂದ ಓದಿ ಚೀಟಿಯ ಕೆಳಗೆ ಹೊಡೆಯಲಿ. ಲುವಾ_ಟುಸ್ಟ್ರಿಂಗ್ ಕೊಡುವ ಪಾಯಿಂಟರ್ ಲುವಾದ ಸ್ವತ್ತು. ಪಾಪ್ ಮಾಡಿದ ಮೇಲೆ ಅದು ಯಾವಾಗ ಬೇಕಾದರೂ ಹೋಗಬಹುದು. ಮೊದಲು ನಿಮ್ಮ ಬಫರಿಗೆ ನಕಲು ಮಾಡಿ, ಆಮೇಲೆ ಪಾಪ್. ಆ ತಾರೀಖು ಚೀಟಿಯಲ್ಲಿ ಬರತೊಡಗಿದ ಮೇಲೆ, ದರ ಬದಲಾದ ದಿನ ಯಾಕೆ ಕಡಿಮೆ ಬಂತು ಎಂದು ಯಾರಾದರೂ ಕೇಳಿದರೆ, ಸೆಕ್ರೆಟರಿ ಚೀಟಿ ನೋಡಿ ಯಾವ ಪಟ್ಟಿಯ ಲೆಕ್ಕ ಎಂದು ಅಲ್ಲೇ ಹೇಳುತ್ತಾರೆ. ನನಗೆ ಫೋನ್ ಬರುವುದಿಲ್ಲ.